ಕುಮಾರಾವಸ್ಥೆಯ ಪಠ್ಯಮೀಮಾಂಸೆ (ಅಂಕಗಳು: 5)

1. ಪ್ರವೇಶಿಕೆ

ಮನುಷ್ಯಪ್ರಾಣಿಗೆ ಹದಿಹರೆಯ ಯಾವಾಗ ಅಡರುತ್ತದೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಜಗಳವಿದೆ. ಅಮೆರಿಕದ ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್ ಮಹಾಶಯರು 1904ರಲ್ಲಿ ಅದರ ಬಗ್ಗೆಯೇ ಎರಡು ದಪ್ಪ ಸಂಪುಟಗಳನ್ನು ಬರೆದ ಮೇಲೂ ಜಗಳ ಮುಗಿಯಲಿಲ್ಲ. ಮಹಾರಾಷ್ಟ್ರದಲ್ಲಿ ಮಾತ್ರ ಇದು ಎಂದೋ ಇತ್ಯರ್ಥವಾಗಿದೆ. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಪಠ್ಯಪುಸ್ತಕ ಮಂಡಳದ ಪ್ರಕಾರ ಇಂಗ್ಲಿಷ್ ಮಾಧ್ಯಮದಲ್ಲಿ ಎಂಟನೆಯ ತರಗತಿಯ ತನಕ ಇಂಗ್ಲಿಷ್ ಪುಸ್ತಕ ‘ಬಾಲಭಾರತಿ’, ಒಂಬತ್ತು ಮತ್ತು ಹತ್ತಕ್ಕೆ ‘ಕುಮಾರಭಾರತಿ’, ಹನ್ನೊಂದರಿಂದ ‘ಯುವಕಭಾರತಿ’. ಧ್ವನಿ ಒಡೆಯಲಿ ಬಿಡಲಿ, ಮೀಸೆ ಚಿಗುರಲಿ ಬಿಡಲಿ, ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನ ಬೋರಿವಲಿಯಿಂದ ಬದ್ಲಾಪುರದವರೆಗಿನ ಬಾಲರೆಲ್ಲ ಒಟ್ಟಿಗೇ ಕುಮಾರರಾಗುತ್ತಾರೆ. ಕುಮಾರಿಯರ ಬಗ್ಗೆ ರಕ್ಷಾಪುಟ ಮೌನ ವಹಿಸಿದೆ.

‘ಮಕ್ಕಳು ಬೆಳೆಯುತ್ತಾರೆ’ ಎಂದು ಬರೆದರೆ ಯಾವ ವಿಚಾರಸಂಕಿರಣದಲ್ಲೂ ಪ್ರಮಾಣಪತ್ರ ಸಿಗುವುದಿಲ್ಲ. ಆದ್ದರಿಂದ ಪ್ರಸ್ತುತ ಪ್ರಬಂಧವು ಅದನ್ನು ‘ಸಾಹಿತ್ಯಪಠ್ಯದ ಪರಿಪ್ರೇಕ್ಷ್ಯದಲ್ಲಿ ಅನನ್ಯತಾನಿರ್ಮಿತಿಯ ಬಹುಆಯಾಮೀ ಸಂಕಥನ’ ಎಂದು ಕರೆಯಲು ಬಯಸುತ್ತದೆ. ಊಟದ ನಂತರದ ಗೋಷ್ಠಿಯಲ್ಲಿ ಇದನ್ನು ನಿಧಾನವಾಗಿ ಓದತಕ್ಕದ್ದು.

2. ವರ್ಗೀಕರಣ

ಮುಂಬಯಿ ಮಹಾನಗರದ ಕುಮಾರಾವಸ್ಥೆಯಲ್ಲಿ ಏಳು ವಿಧಗಳುಂಟು.

(ಅ) ಪಠ್ಯಬದ್ಧ: ಹತ್ತನೆಯ ತರಗತಿಯ ಕುಮಾರಭಾರತಿ ತೆರೆದುಕೊಳ್ಳುವುದೇ ‘ಎ ಟೀನೇಜರ್ಸ್ ಪ್ರೇಯರ್’ ಎಂಬ ಪದ್ಯದಿಂದ. ಹುಡುಗ ಮೊದಲು ಆ ಪ್ರಾರ್ಥನೆಯ ಶೀರ್ಷಿಕೆ ಬರೆಯಬೇಕು, ಆಮೇಲೆ ಕವಿಯ ಹೆಸರು, ಪ್ರಾಸವಿನ್ಯಾಸ, ಅಲಂಕಾರ, ಕೇಂದ್ರಭಾವ. ಇದಕ್ಕೆ ರಸಾಸ್ವಾದನೆ ಎನ್ನುತ್ತಾರೆ. ಐದು ಅಂಕ. ದೇವರು ಪ್ರಾರ್ಥನೆಗೆ ಓಗೊಟ್ಟನೋ ಇಲ್ಲವೋ ಎಂಬುದಕ್ಕೆ ಅಂಕ ನಿಗದಿಯಾಗಿಲ್ಲ.

(ಆ) ಡೈಜೆಸ್ಟ್‌ಬದ್ಧ: ಈಗ ಪ್ರಶ್ನೆಪತ್ರಿಕೆಗೆ ‘ಆಕ್ಟಿವಿಟಿ ಶೀಟ್’ ಎಂದು ನಾಮಕರಣವಾಗಿದೆ. ಅದರಲ್ಲಿ ‘ಪರ್ಸನಲ್ ರೆಸ್ಪಾನ್ಸ್’ ಎಂಬ ಎರಡು ಅಂಕದ ಪ್ರಶ್ನೆಯಿದೆ. ನಿನಗೇನನ್ನಿಸುತ್ತದೆ ಹೇಳಪ್ಪಾ ಎಂದು ಸರಕಾರವೇ ಕೇಳುತ್ತಿದೆ. ನಿನಗೇನನ್ನಿಸುತ್ತದೆ ಎಂಬುದನ್ನು ಡೈಜೆಸ್ಟ್ ಎಂಬ ಸಿದ್ಧ ಉತ್ತರಗಳ ಗೈಡಿನವರು ಮೊದಲೇ ಅಚ್ಚು ಹಾಕಿಸಿಟ್ಟಿರುತ್ತಾರೆ. ಡೊಂಬಿವಲಿಯ ಒಂದು ಟ್ಯೂಶನ್ ಕ್ಲಾಸಿನಲ್ಲಿ ನೋಟ್‌ಬುಕ್ಕುಗಳನ್ನು ತಿದ್ದುತ್ತ ಕೂತಿದ್ದ ನನಗೆ ತಿಳಿಯಿತು, ಈ ಉತ್ತರಗಳಲ್ಲಿ ಇಡೀ ಬೆಂಚಿಗೆ ಒಬ್ಬಳೇ ಅಜ್ಜಿ! ಹಳ್ಳಿಯಲ್ಲಿದ್ದಾಳೆ, ಕತೆ ಹೇಳುತ್ತಾಳೆ, ಸತ್ಯದ ಮಹತ್ವ ತಿಳಿಸುತ್ತಾಳೆ. ಆ ಬೆಂಚಿನ ಹುಡುಗಿಯೊಬ್ಬಳ ನಿಜವಾದ ಅಜ್ಜಿ ಪಕ್ಕದ ಬಿಲ್ಡಿಂಗಿನಲ್ಲೇ ಹಪ್ಪಳ ಲಟ್ಟಿಸಿ ಮೊಮ್ಮಗಳ ಫೀ ಕಟ್ಟುತ್ತಿದ್ದಳು. “ಅವಳನ್ನೇ ಬರಿಯೇ” ಎಂದೆ. “ಗ್ರಾಮರ್ ತಪ್ಪಾಗ್ತದೆ ಟೀಚರ್, ಮಾರ್ಕ್ಸ್ ಹೋಗ್ತದೆ” ಎಂದಳು.

(ಇ) ಲೋಕಲ್‌ಬದ್ಧ: ಬಾಗಿಲಿನ ಕಂಬಿ ಹಿಡಿದು ನೇತಾಡಿಕೊಂಡು ಕ್ಲಾಸಿಗೆ ಹೋಗುವ ಹುಡುಗರು...

ಉಳಿದ ನಾಲ್ಕು ವಿಧಗಳನ್ನು ಜಿಜ್ಞಾಸುಗಳು ತಾವೇ ಊಹಿಸಿಕೊಳ್ಳಬಹುದು. ಹಪ್ಪಳದ ಅಜ್ಜಿ ನೆನಪಾದ ಮೇಲೆ ನನಗೆ ವರ್ಗೀಕರಣ ಸಾಕಾಯಿತು.

3. ಸ್ವಾಮಿ ಪ್ರಕರಣ

ಆರ್. ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿ 1935ರದು. ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ನೋಡಿದವರಿಗೆಲ್ಲ ಸ್ವಾಮಿ ಎಂದರೆ ಮಾಸ್ಟರ್ ಮಂಜುನಾಥ. ಆ ಸ್ವಾಮಿಯೂ ಕುಮಾರಭಾರತಿಯಲ್ಲಿದ್ದಾನೆ. ಆದರೆ ಅಲ್ಲಿರುವುದು ಕಾದಂಬರಿಯಲ್ಲ, ಕಾದಂಬರಿಯ ಪುಸ್ತಕ ವಿಮರ್ಶೆ! ಪರೀಕ್ಷೆಯೆಂದರೆ ಹೊಟ್ಟೆ ತೊಳೆಸುತ್ತಿದ್ದ ಹುಡುಗ ಈಗ ತಾನೇ ಒಂದು ಪ್ರಶ್ನೆಯಾಗಿ ಕೂತಿದ್ದಾನೆ.

ಕಾದಂಬರಿಯಲ್ಲಿ ಅಪ್ಪ ಅವನಿಗೊಂದು ಲೆಕ್ಕ ಕೊಡುತ್ತಾನೆ. ರಾಮನ ಬಳಿ ಹತ್ತು ಮಾವಿನಹಣ್ಣು, ಹತ್ತಕ್ಕೂ ಸೇರಿ ಇಷ್ಟು ಬೆಲೆ, ಕೃಷ್ಣನಿಗೆ ನಾಲ್ಕು ಬೇಕು, ಎಷ್ಟು ದುಡ್ಡು ಕೊಡಬೇಕು? ಸ್ವಾಮಿಗೆ ಲೆಕ್ಕಕ್ಕಿಂತ ಮೊದಲು ತಿಳಿಯಬೇಕಾದ್ದು, ಹಣ್ಣು ಮಾಗಿತ್ತೇ ಇಲ್ಲವೇ ಎಂಬುದು. ನಾನು ಕಂಡಂತೆ ಸಾಹಿತ್ಯ ಓದಬಲ್ಲ ಮಗು ಅದು. ಹಣ್ಣಿನ ರುಚಿ ಕೇಳುವ ಆ ಮಗುವಿಗೆ ಬೆಲೆಯೊಂದನ್ನೇ ಕಲಿಸಿ, ಪಾಸು ಮಾಡಿ ಕಳಿಸುತ್ತೇವೆ. ಆಮೇಲೆ ‘ಈಗಿನ ಮಕ್ಕಳಿಗೆ ಭಾವನೆಗಳೇ ಇಲ್ಲ’ ಎಂದು ನಾವೇ ವಿಚಾರಸಂಕಿರಣ ಮಾಡುತ್ತೇವೆ. ನಾಚಿಕೆಯಾಗಬೇಕು.

4. ಪೂರ್ವಸೂರಿಗಳು

ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಅವರ ಸಿದ್ಧಾಂತದಂತೆ ಹದಿಹರೆಯವೆಂದರೆ ತಾನು ಯಾರೆಂದು ಹುಡುಕಿಕೊಳ್ಳಲು ಸಮಾಜ ಮಕ್ಕಳಿಗೆ ಕೊಡುವ ಬಿಡುವು. ದಕ್ಷಿಣ ಕನ್ನಡದಿಂದ ಬಂದು ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಕಪ್ಪು-ಬಸಿ ತೊಳೆಯುತ್ತಿದ್ದ ಮಾಣಿಗಳಿಗೂ ಈ ಬಿಡುವು ಇತ್ತು: ಮಧ್ಯಾಹ್ನದ ಊಟದ ಗಿರಾಕಿ ಎದ್ದು, ಸಂಜೆಯ ಚಹಾದ ಗಿರಾಕಿ ಬರುವ ತನಕ.

ಕತ್ತಲಾದ ಮೇಲೆ “ಸೇಟ್ರೇ, ಶಾಲೆಗೆ ಹೊತ್ತಾಯ್ತು” ಎಂದು ಅಂಜುತ್ತ ಹೇಳಿ, ಕೈಯ ಸೋಪಿನ ವಾಸನೆ ಹೋಗುವ ಮೊದಲೇ ಕನ್ನಡ ರಾತ್ರಿಶಾಲೆಗಳ ಬೆಂಚಿನಲ್ಲಿ ಕೂತು, ತೂಕಡಿಸುತ್ತ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡಿ ಎಸ್ಸೆಸ್ಸಿ ದಾಟಿದವರು ಅವರು. ಬ್ಯಾಂಕು, ಕಚೇರಿ ಸೇರಿದರು, ಸ್ವಂತ ಹೋಟೆಲು ತೆರೆದರು, ಸಂಘಗಳನ್ನು ಕಟ್ಟಿದರು. ಈಗ ಸನ್ಮಾನಸಭೆಗಳಲ್ಲಿ ಶಾಲು ಹೊದಿಸಿ ಅವರನ್ನು ‘ಕಷ್ಟಸಹಿಷ್ಣು’ಗಳೆಂದು ಹೊಗಳುತ್ತೇವೆ. ಹದಿನಾಲ್ಕನೆಯ ವರ್ಷದಲ್ಲಿ ರಾತ್ರಿ ಮೇಜಿನ ಮೇಲೆ ಚಾಪೆ ಹಾಸಿ ಮಲಗಿದಾಗ ನಿಮಗೇನನ್ನಿಸುತ್ತಿತ್ತು ಎಂದು ಯಾರೂ ಕೇಳಲಿಲ್ಲ. ಆ ಪರ್ಸನಲ್ ರೆಸ್ಪಾನ್ಸ್ ಯಾವ ಡೈಜೆಸ್ಟಿನಲ್ಲೂ ಅಚ್ಚಾಗಿಲ್ಲ. ಹೇಳಬಲ್ಲವರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ.

5. ಶಿಫಾರಸು

ವಾರಕ್ಕೊಂದು ಪೀರಿಯಡ್ ಅಂಕವಿಲ್ಲದೆ ಬಿಡಿ. ಒಂದು ಕತೆ ಓದಿ, ಮಕ್ಕಳು ತಪ್ಪು ಇಂಗ್ಲಿಷಿನಲ್ಲೋ, ಕನ್ನಡದಲ್ಲೋ, ಮರಾಠಿಯಲ್ಲೋ ಬಾಯಿಗೆ ಬಂದದ್ದನ್ನು ಹೇಳಲಿ. ಟೀಚರು ಕೆಂಪು ಪೆನ್ನು ಮುಚ್ಚಿ ಕೇಳಿಸಿಕೊಳ್ಳಲಿ. ಎರಡನೆಯ ವಾರಕ್ಕೇ ಪೋರ್ಶನ್ ಮುಗಿದಿಲ್ಲವೆಂದು ಗಣಿತದವರು ಆ ಪೀರಿಯಡ್ಡನ್ನು ಕೇಳಿಕೊಂಡು ಬರುತ್ತಾರೆ, ಗೊತ್ತು. ಕೊಡಬೇಡಿ.