ರೀಲ್ಸಿಗಿಳಿದ ಲೈಬ್ರೇರಿಯನ್

ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದಿಟ್ಟ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಎನ್ನುತ್ತದೆ. ಇನ್‌ಸ್ಟಾಗ್ರಾಮ್ ಇರುವುದೇ ಆ ಸಮಯವನ್ನು ನುಂಗಲಿಕ್ಕೆ. ಆದರೇನು ಮಾಡಲಿ? 2023ರ ಮಾರ್ಚಿನಲ್ಲಿ ಕಾಡುಗೋಡಿಗೆ ಮೆಟ್ರೊ ಬಂದಾಗಿನಿಂದ ಇಳಿದವರೆಲ್ಲ ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡೇ ನಮ್ಮ ಗ್ರಂಥಾಲಯದ ಬಾಗಿಲು ದಾಟುತ್ತಾರೆ. ಅವರು ತಲೆ ಎತ್ತುವುದಿಲ್ಲವೆಂದರೆ ನಾನೇ ಮೊಬೈಲಿನೊಳಗೆ ನುಗ್ಗುವುದೆಂದು ತೀರ್ಮಾನಿಸಿದೆ.

ಇಸ್ತ್ರಿ ಅಂಗಿ, ತೆಳುವಾಗಿ ಪೌಡರು. ಕೆಎಎಸ್‌ಗೆ ಓದುವ ಹುಡುಗನೇ ಕ್ಯಾಮೆರಾಮನ್. ಮಾತಾಡೋಣವೆಂದರೆ ನೆತ್ತಿಯ ಮೇಲೆ ‘ನಿಶ್ಶಬ್ದ’ ಬೋರ್ಡು, ನೇತುಹಾಕಿದವನೂ ನಾನೇ. ಪಿಸುಗುಟ್ಟಿದೆ, ಫ್ಯಾನಿನ ಕಿರಗುಟ್ಟುವಿಕೆ ಬಿಟ್ಟು ಏನೂ ರೆಕಾರ್ಡ್ ಆಗಲಿಲ್ಲ. ‘ಮೂಕಾಭಿನಯ ಮಾಡಿ ಸಾರ್, ಮ್ಯೂಸಿಕ್ ಹಾಕ್ತೀನಿ’ ಅಂದ. ಕಪಾಟಿನಿಂದ ‘ಮಲೆಗಳಲ್ಲಿ ಮದುಮಗಳು’ ಎಳೆದೆ. ಎಡಗೈಗೆ ಭಾರವಾಯಿತು, ಬಲಗೈಗೆ ದಾಟಿಸಿದೆ. ಕ್ಯಾಮೆರಾ ಕಡೆ ತಿರುಗಿ ಅರ್ಧ ನಕ್ಕೆ. ಉಳಿದರ್ಧ ಬರುವುದರೊಳಗೆ ವರ್ಷಗಳ ದೂಳು ಮೂಗಿಗೇರಿ ಸೀನು ಸಿಡಿಯಿತು. ನನ್ನ ಹಿಂದೆ ಪೇಪರು ಹೊದ್ದು ಮಲಗಿದ್ದ ನಿವೃತ್ತರೊಬ್ಬರು ದಡಕ್ಕನೆ ಎದ್ದು, ‘ಸ್ಟೇಷನ್ ಬಂತಾ?’ ಅಂದರು.

ವೈರಲ್ ಆಗಿದ್ದು ಅದೇ. ಕುವೆಂಪು ಅವರನ್ನು ಯಾರೂ ಗಮನಿಸಲಿಲ್ಲ. ಆ ಹಿರಿಯರಂತೂ ಮರುದಿನ ತಲೆಗೆ ಬಣ್ಣ ಹಚ್ಚಿಕೊಂಡು ಬಂದು ಅದೇ ಕುರ್ಚಿ ಹಿಡಿದರು.

ಕಾಮೆಂಟುಗಳೋ ಕಾಮೆಂಟುಗಳು. ಎಸಿ ಇದೆಯಾ? ವೈಫೈ ಪಾಸ್‌ವರ್ಡ್ ಏನು? ಸೀಟಿಗೆ ತಿಂಗಳ ಬಾಡಿಗೆ ಎಷ್ಟು? ಒಬ್ಬರು, ‘ಈ ಕಾಲದಲ್ಲಿ ಇದಕ್ಕೆಲ್ಲ ದುಡ್ಡು ದಂಡ’ ಎಂದು ಹಾಕಿದರು. ಮೈ ಉರಿಯಿತು. ಆಸ್ತಿ ತೆರಿಗೆಯ ಜೊತೆಗೇ ಶೇ 6ರಷ್ಟು ಗ್ರಂಥಾಲಯ ಕರವನ್ನೂ ಕಟ್ಟುವ ಮಹನೀಯರು, ದಂಡವಾಗಬಾರದೆಂದರೆ ಬಂದು ಕೂರಬೇಕಲ್ಲ!

ರೀಲ್ ನೋಡಿ ನಿಜಕ್ಕೂ ಬಂದವನು ರಾಯಚೂರು ಕಡೆಯ ಒಬ್ಬ ಸೆಕ್ಯುರಿಟಿ ಗಾರ್ಡ್. ರಾತ್ರಿ ಪಾಳಿ ಮುಗಿಸಿ ಸಮವಸ್ತ್ರದಲ್ಲೇ ಬಂದಿದ್ದ. ‘ತೇಜಸ್ವಿ ಅದಾರೇನ್ರಿ?’ ಅಂದ. ‘ಕರ್ವಾಲೊ’ ಕೊಟ್ಟೆ. ಮನೆಗೆ ಒಯ್ಯಬೇಕಾದರೆ ಸದಸ್ಯನಾಗಬೇಕು, ಸದಸ್ಯನಾಗಲು ಇಲ್ಲಿನ ವಿಳಾಸದ ದಾಖಲೆ ಬೇಕು. ಶೆಡ್ಡಿನಲ್ಲಿ ಆರು ಜನರ ಜೊತೆ ಮಲಗುವವನಿಗೆ ಬಾಡಿಗೆ ಕರಾರು ಎಲ್ಲಿಂದ ಬರಬೇಕು? ಊರಿಗೆ ಊರೇ ವಲಸೆ ಬಂದಿರುವ ಈ ಸೀಮೆಯಲ್ಲಿ ಇಂಥ ನಿಯಮ ಮಾಡಿದವರು ಒಮ್ಮೆ ನನ್ನ ಮೇಜಿನ ಹಿಂದೆ ಕೂರಬೇಕು. ಅವನು ಅಲ್ಲೇ ಕೂತು, ನಿದ್ದೆಗಣ್ಣಿನಲ್ಲಿ, ಮಧ್ಯಾಹ್ನದವರೆಗೂ ಓದಿದ.

ಕರ ಕಟ್ಟುವವರೇ, ನೀವೂ ಬನ್ನಿ. ಎಸಿ ಇಲ್ಲ, ಫ್ಯಾನಿದೆ. ಸೋಮವಾರ ಮಾತ್ರ ಬರಬೇಡಿ, ರಜೆ.