ಚಾರಣರಾಯರಿಗೆ ಜೊತೆ ಬೇಕು

ಬೆಂಗಳೂರಿನ ದಕ್ಷಿಣದ ಯಾವ ಬಡಾವಣೆಯ ಪಾರ್ಕಿಗಾದರೂ ಬೆಳಗ್ಗೆ ಆರಕ್ಕೆ ಹೋಗಿ ನೋಡಿ. ಒಂದು ಮೂಲೆಯಲ್ಲಿ ನಗೆಕೂಟದವರು ಕೈ ಮೇಲೆತ್ತಿ ನಗುತ್ತಿರುತ್ತಾರೆ, ಇನ್ನೊಂದು ಮೂಲೆಯಲ್ಲಿ ಪ್ರಾಣಾಯಾಮದವರು ಮೂಗು ಹಿಡಿದು ಕೂತಿರುತ್ತಾರೆ. ಈ ಎರಡೂ ಪಂಗಡಕ್ಕೆ ಸೇರದೆ, ತಲೆಗಿಂತ ಎತ್ತರದ ಚೀಲವನ್ನು ಬೆನ್ನಿಗೇರಿಸಿ, ಎರಡು ಕೈಗೂ ಒಂದೊಂದು ಕೋಲು ಹಿಡಿದು, ಸಿಮೆಂಟು ದಾರಿಯಲ್ಲಿ ಟಕ್ ಟಕ್ ಎಂದು ಸುತ್ತುವವರು ಒಬ್ಬರಿರುತ್ತಾರೆ. ಅವರೇ ಚಾರಣರಾಯರು. ತಂದೆತಾಯಿ ಇಟ್ಟ ಹೆಸರು ಬೇರೆ ಇದ್ದೀತು. ಬಡಾವಣೆಗೊಬ್ಬರು ಇರುವುದರಿಂದ ಎಲ್ಲರಿಗೂ ಸೇರಿ ಒಂದೇ ಹೆಸರು ಸಾಕು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ಅರವತ್ತಕ್ಕೆ ನಿವೃತ್ತರಾದವರು. ಚೀಲದಲ್ಲಿರುವುದು ಹತ್ತು ಕೆ.ಜಿ. ಸೋನಾ ಮಸೂರಿ. ಹಿಮಾಲಯಕ್ಕೆಂದು ಭಾರ ಹೊರುವ ಅಭ್ಯಾಸ. ರಾಯರು ಪಾರ್ಕಿನಿಂದ ವಾಪಸಾಗುವ ತನಕ ಅವರ ಮನೆಯಲ್ಲಿ ಅನ್ನಕ್ಕಿಡುವಂತಿಲ್ಲ.

ರಾಯರಿಗೆ ಚಾರಣ ಹೊಸದಲ್ಲ, ತೊಂದರೆ ಇರುವುದೇ ಅಲ್ಲಿ. ಎಂಬತ್ತರ ದಶಕದಲ್ಲಿ ಹಂಟರ್ ಶೂ ಹಾಕಿಕೊಂಡು ಕುಮಾರ ಪರ್ವತ ಹತ್ತಿದವರು. ಆಗ ಬೆನ್ನಿಗೆ ಮಿಲಿಟರಿ ಚೀಲ. ಅದರೊಳಗೆ ಸೀಮೆಎಣ್ಣೆ ಸ್ಟೌ, ಚಪಾತಿ, ಚಟ್ನಿಪುಡಿ, ಸರ್ವೆ ಆಫ್ ಇಂಡಿಯಾದ 48 ಪಿ ಸಾಲಿನ ನಕ್ಷೆ, ಉಂಬಳಕ್ಕೆಂದು ನಶ್ಯದ ಡಬ್ಬಿ. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ, ಜಗಲಿಯ ಮೇಲೆ ನಿದ್ದೆ, ಬೆಳಗಾದರೆ ಕಲ್ಲುಮಂಟಪ, ಶೇಷಪರ್ವತ ದಾಟಿ 1712 ಮೀಟರಿನ ತುದಿ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ರೈಲು ಹಳಿಯ ಮೇಲೆ ನಡೆದ ಕಥೆ ಬೇರೆ ಇದೆ. ಆ ಘಾಟಿಯಲ್ಲಿ ಇರುವುದು 57 ಸುರಂಗ. ರಾಯರ ಕಥೆಯಲ್ಲಿ ವರ್ಷಕ್ಕೆ ಒಂದೆರಡರಂತೆ ಹೆಚ್ಚುತ್ತಿವೆ. ಆಮೇಲೆ ಮದುವೆ, ಬಡ್ತಿ, ವರ್ಗಾವಣೆ, ಮನೆ ಸಾಲ. ಇಷ್ಟು ಕಾಲವೂ ಬೆಟ್ಟಗಳು ತಮಗಾಗಿ ಕದಲದೆ ಕಾದಿವೆ ಎಂದು ಅವರ ನಂಬಿಕೆ. ಬೆಟ್ಟಗಳು ಕದಲಿಲ್ಲ ನಿಜ. ಬುಡಕ್ಕೆ ಗೇಟು ಬಂದಿದೆ.

2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದ ಕಾಲುದಾರಿ ತುಂಬ ಜನವೋ ಜನ ಸೇರಿದ ಮೇಲೆ, ಆನ್‌ಲೈನ್ ಟಿಕೆಟ್ ಇಲ್ಲದವರನ್ನು ಹತ್ತಲು ಬಿಡಬಾರದೆಂದು ಅರಣ್ಯ ಇಲಾಖೆ ತೀರ್ಮಾನಿಸಿತು. ಕುದುರೆಮುಖಕ್ಕೆ ದಿನಕ್ಕೆ ಇಂತಿಷ್ಟೇ ಮಂದಿ, ಕತ್ತಲಾಗುವ ಮೊದಲು ಕೆಳಗಿರಬೇಕು, ರಾತ್ರಿ ಮೇಲೆ ತಂಗುವಂತಿಲ್ಲ. ಹಳಿಯ ಮೇಲಿನ ನಡಿಗೆಯಂತೂ ರೈಲ್ವೆಯವರ ಲೆಕ್ಕದಲ್ಲಿ ಅಪರಾಧ. ಸಹಿ ತಾಳೆಯಾಗಲಿಲ್ಲವೆಂದು ಗ್ರಾಹಕರನ್ನು ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರಿಸಿದ ರಾಯರು ಈಗ ಒಟಿಪಿಗಾಗಿ ತಾವೇ ಕೂರುತ್ತಾರೆ. ನನ್ನನ್ನು ಕೇಳಿದರೆ ನಿಯಮ ಸರಿಯಾಗಿಯೇ ಇದೆ. ತುಂಬಿದ ಬಾಟಲಿಯನ್ನು ತುದಿಯವರೆಗೆ ಹೊತ್ತವನಿಗೆ ಖಾಲಿ ಬಾಟಲಿ ಇಳಿಸುವಾಗ ಮಾತ್ರ ಯಾಕೆ ಭಾರವಾಗುತ್ತದೋ, ಆ ಒಗಟನ್ನು ಇನ್ನೂ ಯಾರೂ ಬಿಡಿಸಿಲ್ಲ.

ಹೋಗಲಿ, ಟಿಕೆಟ್ಟು ಮಗಳು ತೆಗೆಸಿಕೊಟ್ಟಾಳು. ಜೊತೆಗಾರನನ್ನು ಯಾರು ತೆಗೆಸಿಕೊಡಬೇಕು? ಒಬ್ಬರೇ ಹೋಗಕೂಡದೆಂದು ಡಾಕ್ಟರೂ ಹೆಂಡತಿಯೂ ಒಟ್ಟಿಗೆ ಆಜ್ಞೆ ಹೊರಡಿಸಿದ್ದಾರೆ. ರಾಯರು ಹಳೆಯ ಗ್ಯಾಂಗಿಗೆ ಫೋನು ಹಚ್ಚಿದರು. ಒಬ್ಬರಿಗೆ ಎರಡೂ ಮಂಡಿ ಹೊಸದು. ಚಾರಣದ ಮಾತೆತ್ತಿದರೆ ಎಕ್ಸ್‌ರೇ ಕಳಿಸುತ್ತಾರೆ. ಇನ್ನೊಬ್ಬರು ಆರು ತಿಂಗಳು ನ್ಯೂಜೆರ್ಸಿಯಲ್ಲಿ ಮೊಮ್ಮಗುವನ್ನು ಎತ್ತಿಕೊಂಡಿರುತ್ತಾರೆ, ಉಳಿದ ಆರು ತಿಂಗಳು ಸೊಂಟ ಹಿಡಿದುಕೊಂಡಿರುತ್ತಾರೆ. ಮೂರನೆಯವರು ಎಲ್ಲದಕ್ಕೂ ‘ಈ ಸಲ ಖಂಡಿತ ಕಣಯ್ಯಾ’ ಎನ್ನುವ ಪೈಕಿ. ಇವರೇ ಅಪಾಯ. ಹೊರಡುವ ಹಿಂದಿನ ರಾತ್ರಿ ಒಂಬತ್ತೂವರೆಗೆ ಅವರ ಮನೆಗೆ ತಪ್ಪದೆ ನೆಂಟರು ಬರುತ್ತಾರೆ.

ಕೊನೆಗೆ ರಾಯರು ಹೊಸ ಅರ್ಜಿಗಳನ್ನು ಕರೆದರು. ಬ್ಯಾಂಕಿನ ಅಭ್ಯಾಸ ಎಲ್ಲಿ ಹೋದೀತು? ಒಂದು ಡೈರಿಯಲ್ಲಿ ಅಭ್ಯರ್ಥಿಗೊಂದು ಪುಟ. ಮಂಡಿಯೇ ಅಡಮಾನ, ಹೆಂಡತಿಯ ಒಪ್ಪಿಗೆಯೇ ಜಾಮೀನು. ಸಕ್ಕರೆ ಎಷ್ಟು, ಬಿಪಿ ಎಷ್ಟು, ಗೊರಕೆ ಉಂಟೋ, ಬೆಳಗ್ಗೆ ಫಿಲ್ಟರ್ ಕಾಫಿ ಇಲ್ಲದೆ ಹೊಟ್ಟೆ ನಡೆಯುತ್ತದೋ, ಹಿಂದೆ ಯಾವುದಾದರೂ ಬೆಟ್ಟದಿಂದ ಅರ್ಧಕ್ಕೆ ಇಳಿದ ಸುಸ್ತಿ ಬಾಕಿ ಇದೆಯೋ? ಈ ಪರೀಕ್ಷೆಯನ್ನು ದಾಟಿದವರು ಯಾರೂ ಇಲ್ಲ. ರಾಯರೇ ಅರ್ಜಿ ಹಾಕಿಕೊಂಡಿದ್ದರೂ ಮೊದಲ ಕಾಲಮ್ಮಿನಲ್ಲೇ ಬೀಳುತ್ತಿದ್ದರು. ನನ್ನ ಪುಟವನ್ನು ಅವರು ಕಾಫಿಗೆದ್ದಾಗ ಕದ್ದು ಓದಿದೆ: ‘ನಡಿಗೆ ಪರವಾಗಿಲ್ಲ. ಕಥೆಯ ಮಧ್ಯೆ ಬಾಯಿ ಹಾಕುತ್ತಾರೆ. ತಿರಸ್ಕೃತ.’ ಗುಟ್ಟು ಅಲ್ಲಿತ್ತು. ಅವರಿಗೆ ಬೇಕಾದದ್ದು ಕಾಲು ಗಟ್ಟಿಯಿರುವ ಆಸಾಮಿ ಅಲ್ಲ, ಕಿವಿ ಗಟ್ಟಿಯಿರುವ ಆಸಾಮಿ.

ವಾರಾಂತ್ಯದ ಹುಡುಗರ ತಂಡವೊಂದರ ಜೊತೆಗೂ ಒಮ್ಮೆ ಹೋಗಿ ಬಂದರು. ಶುಕ್ರವಾರ ರಾತ್ರಿ ಹತ್ತಕ್ಕೆ ಟೆಂಪೋ ಟ್ರಾವೆಲರ್, ದಾರಿಯುದ್ದಕ್ಕೂ ಹಾಡು, ಬೆಳಗಿನ ಜಾವ ಬೆಟ್ಟ. ಹುಡುಗರು ಒಳ್ಳೆಯವರು, ಅದನ್ನು ರಾಯರೂ ಒಪ್ಪುತ್ತಾರೆ. ಅರ್ಧ ಏರಿನಲ್ಲಿ ಒಬ್ಬ ಬಂದು, ‘ಅಂಕಲ್, ಬ್ಯಾಗ್ ಇಲ್ಲಿ ಕೊಡಿ’ ಎಂದ. ಜೀವಮಾನದಲ್ಲಿ ಅಂಥ ಅವಮಾನ ಆಗಿರಲಿಲ್ಲ. ಆದರೂ ಕೊಟ್ಟರು. ಗಡಿಬಿಡಿಯಲ್ಲಿ ಸೋನಾ ಮಸೂರಿಯನ್ನು ಇಳಿಸದೆ ಹಾಗೇ ತಂದಿದ್ದ ಸಂಗತಿಯನ್ನು ಮಾತ್ರ ಆ ಹುಡುಗನಿಗೆ ಇವತ್ತಿನವರೆಗೂ ಹೇಳಿಲ್ಲ.

ಮನೆಯಲ್ಲೇ ಜೊತೆ ಹುಡುಕಬಾರದೇಕೆ ಎಂದು ನೀವು ಕೇಳಬಹುದು. ಹುಡುಕಿದರು. 2022ರಲ್ಲಿ ಬಚೇಂದ್ರಿ ಪಾಲ್ ಮುಂದಾಳತ್ವದಲ್ಲಿ ಐವತ್ತು ದಾಟಿದ ಹೆಂಗಸರು ಅರುಣಾಚಲದಿಂದ ಕಾರ್ಗಿಲ್‌ವರೆಗೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಿಮಾಲಯವನ್ನು ಉದ್ದಕ್ಕೆ ಅಳೆದರಲ್ಲ, ಆ ಸುದ್ದಿಯ ತುಣುಕನ್ನು ಲ್ಯಾಮಿನೇಟ್ ಮಾಡಿಸಿ ಹೆಂಡತಿಯ ಮುಂದಿಟ್ಟರು. ಆಕೆ ಪೂರ್ತಿ ಓದಿದರು.

‘ಇವರ ಜೊತೆ ಗಂಡಂದಿರು ಹೋಗಿದ್ರಾ?’

‘ಪೇಪರಲ್ಲಿ ಬರೆದಿಲ್ಲ.’

‘ಹಾಗಾದ್ರೆ ಹೋಗಿಲ್ಲ. ಅದಕ್ಕೇ ತಲುಪಿದ್ದಾರೆ.’

ಕೈಲಾಸ ಮಾನಸ ಸರೋವರಕ್ಕಾದರೂ ಹೋಗೋಣವೆಂದರೆ ಸರ್ಕಾರದ ಯಾತ್ರೆಗೆ ವಯಸ್ಸು 70 ಮೀರುವಂತಿಲ್ಲ, ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 25 ದಾಟುವಂತಿಲ್ಲ. ರಾಯರ ವಯಸ್ಸು ಏರುತ್ತಿದೆ, ಸೂಚ್ಯಂಕ ಇಳಿಯುತ್ತಿಲ್ಲ. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಬ್ಯಾಂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ಹೋದ ಶಿವರಾತ್ರಿಗೆ, ಧರ್ಮಸ್ಥಳಕ್ಕೆಂದು ಹೇಳಿ ಹೊರಟವರು ಕೊಟ್ಟಿಗೆಹಾರದಲ್ಲಿ ಬಸ್ಸಿಳಿದು, ನೀರುದೋಸೆ ತಿಂದು, ಚಾರ್ಮಾಡಿ ಘಾಟಿಯನ್ನು ನಡೆದೇ ಇಳಿಯತೊಡಗಿದರು. ಪರ್ಮಿಟ್ಟಿಲ್ಲ, ಒಟಿಪಿ ಇಲ್ಲ, ಡಾಂಬರು ರಸ್ತೆ. ಎರಡನೆಯ ತಿರುವಿನಲ್ಲಿ ಪಾದಯಾತ್ರೆಯ ಗುಂಪೊಂದು ಅವರನ್ನು ಹಿಂದೆ ಹಾಕಿತು. ತುಮಕೂರಿನ ಕಡೆಯ ಹಳ್ಳಿಯವರು. ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲೊಂದು ಬಟ್ಟೆಯ ಚೀಲ, ಬಾಯಲ್ಲಿ ಶಿವನಾಮ. ವಾರದಿಂದ ನಡೆಯುತ್ತಿದ್ದಾರೆ. ಅವರಲ್ಲಿ ರಾಯರ ವಯಸ್ಸಿನ ಹೆಂಗಸೊಬ್ಬರು ಕಾರ್ಬನ್ ಕೋಲುಗಳನ್ನು ಅಯ್ಯೋ ಎನ್ನುವಂತೆ ನೋಡಿ, ‘ಯಾಕ್ ಸ್ವಾಮಿ, ಕಾಲಿಗೆ ಪೆಟ್ಟಾಗೈತಾ?’ ಎಂದರು.

ರಾಯರ ಹತ್ತಿರ ಉತ್ತರವಿರಲಿಲ್ಲ. ಉಸಿರೂ ಇರಲಿಲ್ಲ. ಅವರ ಜೊತೆ ಹೆಜ್ಜೆ ಹಾಕುವಷ್ಟರಲ್ಲಿ ಎಂಬತ್ತರ ದಶಕವನ್ನು ಎತ್ತಲು ಸಂದು ಸಿಗಲಿಲ್ಲ, ಹಾಗಾಗಿ ಉಜಿರೆಯವರೆಗೂ ಇನ್ನೊಬ್ಬರ ಕಥೆ ಕೇಳಿದರು: ಸೊಸೆ, ಬೋರ್‌ವೆಲ್, ಕೊಬ್ಬರಿ ರೇಟು. ಯಾರೂ ಅವರ ಬಿಪಿ ಕೇಳಲಿಲ್ಲ. ದಾರಿಬದಿಯಲ್ಲಿ ಪುಣ್ಯಾತ್ಮರು ಮಜ್ಜಿಗೆ, ಕಲ್ಲಂಗಡಿ ಹಂಚುತ್ತಿದ್ದರು. ರಾಯರ ಬ್ಯಾಗಿನಲ್ಲಿದ್ದ ಎನರ್ಜಿ ಬಾರ್ ಕಚ್ಚಿ ನೋಡಿದ ಆ ಹೆಂಗಸು, ಸೌಜನ್ಯಕ್ಕೆ ನುಂಗಿ, ಎರಡು ಕಜ್ಜಾಯ ಕೊಟ್ಟರಂತೆ.

ಈಗ ರಾಯರು ಬರುವ ಶಿವರಾತ್ರಿಗೆ ಬೆಂಗಳೂರಿನಿಂದಲೇ ಹೊರಡುವವರಿದ್ದಾರೆ, ಸುಮಾರು 300 ಕಿ.ಮೀ. ಡೈರಿಯ ಷರತ್ತುಗಳಲ್ಲಿ ಬಹಳಷ್ಟನ್ನು ಹೊಡೆದು ಹಾಕಿದ್ದಾರೆ. ಗೊರಕೆಗೆ ಪೂರ್ತಿ ಮನ್ನಾ, ಸಕ್ಕರೆ ಇದ್ದರೂ ನಡೆಯುತ್ತದೆ, ಮಂಡಿ ಒಂದು ಸರಿಯಿದ್ದರೂ ಸಾಕು. ಓದುಗರಲ್ಲಿ ಯಾರಿಗಾದರೂ ಆ ಹೊತ್ತಿಗೆ ಹತ್ತು ದಿನ ಬಿಡುವಿದ್ದರೆ ದಯವಿಟ್ಟು ಜೊತೆಗೆ ಹೊರಡಿ. ಇಲ್ಲದಿದ್ದರೆ ನನ್ನ ಅರ್ಜಿಯನ್ನು ಮರುಪರಿಶೀಲನೆಗೆ ತೆಗೆದುಕೊಳ್ಳುವುದಾಗಿ ಅವರು ನಿನ್ನೆಯೇ ಹೇಳಿಯಾಗಿದೆ.