ಕಲ್ಲುಬೆಂಚಿನ ಶಾಸನಗಳು: ಸೇವಾ ಕ್ಲಬ್ಬುಗಳ ದಾನಪದ್ಧತಿ ಕುರಿತು ಒಂದು ಕಿರು ಮಹಾಪ್ರಬಂಧ

1. ವ್ಯಾಪ್ತಿ ಮತ್ತು ಆಕರ

ಬಿ.ಎಲ್. ರೈಸ್ ಅವರು ನಾಡಿನ ಶಾಸನಗಳನ್ನು ಓದಿಸಿ, ಅಚ್ಚು ಹಾಕಿಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಕಟ್ಟಿಕೊಟ್ಟು ಹೋದರು. ಅವರ ಕಾಲಾನಂತರ ಬೆಳೆದು ನಿಂತ ಇನ್ನೊಂದು ಶಾಸನರಾಶಿಯತ್ತ ಮಾತ್ರ ವಿದ್ವಾಂಸರ ಕಣ್ಣು ಹರಿದಿಲ್ಲ. ಬಸ್ ತಂಗುದಾಣದ ನೆತ್ತಿಯಲ್ಲಿ, ಪಾರ್ಕಿನ ಬೆಂಚಿನ ಬೆನ್ನಿನಲ್ಲಿ, ಸರ್ಕಾರಿ ಶಾಲೆಯ ನೀರಿನ ಟ್ಯಾಂಕಿನ ಮೇಲೆ, ಪೊಲೀಸರ ಬ್ಯಾರಿಕೇಡಿನ ಹೊಟ್ಟೆಯಲ್ಲಿ, ರುದ್ರಭೂಮಿಯ ಕಮಾನಿನಲ್ಲಿ ಕೆತ್ತಿದ, ಬರೆದ, ಅಂಟಿಸಿದ ಈ ಬರಹಗಳು ನಿಸ್ಸಂಶಯವಾಗಿ ದಾನಶಾಸನಗಳು. ಇವನ್ನು ಹಾಕಿಸಿದವರು ರೋಟರಿ, ಲಯನ್ಸ್, ಜೇಸಿ ಎಂಬ ಮೂರು ಪ್ರಮುಖ ಮನೆತನದವರು.

ಈ ಪ್ರಬಂಧಕ್ಕೆ ಆಕರ ಒಂದು ತಾಲ್ಲೂಕು ಕೇಂದ್ರ. ಊರಿನ ಹೆಸರನ್ನು ಉದ್ದೇಶಪೂರ್ವಕವಾಗಿ ಬಿಡಲಾಗಿದೆ. ಓದುಗರು ಆ ಜಾಗದಲ್ಲಿ ತಂತಮ್ಮ ಊರಿನ ಹೆಸರು ತುಂಬಿಕೊಂಡರೆ ಸಿದ್ಧಾಂತಕ್ಕೆ ಯಾವ ಬಾಧಕವೂ ಇಲ್ಲ.

2. ವಂಶಾವಳಿ

ನಮ್ಮ ಅರಸುಮನೆತನಗಳು ಚಂದ್ರನಿಂದಲೋ ಸೂರ್ಯನಿಂದಲೋ ಇಳಿದು ಬಂದವು. ಸೇವಾ ಮನೆತನಗಳಲ್ಲಿ ಮೊದಲೆರಡಕ್ಕೆ ಮೂಲ ಅಮೆರಿಕದ ಷಿಕಾಗೋ. 1905ರ ಫೆಬ್ರವರಿ 23ರಂದು ಪಾಲ್ ಹ್ಯಾರಿಸ್ ಎಂಬ ವಕೀಲರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಇಂಜಿನಿಯರ್, ಒಬ್ಬ ದರ್ಜಿಯೊಡನೆ ಕೂತು ರೋಟರಿಗೆ ನಾಂದಿ ಹಾಡಿದರು. ಅದೇ ಊರಿನಲ್ಲಿ 1917ರಲ್ಲಿ ಮೆಲ್ವಿನ್ ಜೋನ್ಸ್ ಎಂಬ ವಿಮಾ ವ್ಯವಹಾರಸ್ಥರು ಲಯನ್ಸನ್ನು ಹುಟ್ಟುಹಾಕಿದರು. 1925ರಲ್ಲಿ ಹೆಲೆನ್ ಕೆಲರ್ ಲಯನ್ಸ್ ಸಮಾವೇಶಕ್ಕೆ ಬಂದು, ಅಂಧರ ಪರವಾಗಿ ನಿಲ್ಲಿ ಎಂದು ಕೇಳಿಕೊಂಡರು. ಈಗಲೂ ನಮ್ಮ ಹೋಬಳಿಯ ಅಜ್ಜಿಯೊಬ್ಬರಿಗೆ ಪೊರೆ ತೆಗೆಸಲು ಲಯನ್ಸ್ ವ್ಯಾನ್ ಬರುತ್ತದೆಂದರೆ ಅದರ ಮೂಲ ಅಲ್ಲಿದೆ. ಜೇಸಿಯಲ್ಲಿ ನಲವತ್ತು ದಾಟಿದವರಿಗೆ ಸದಸ್ಯತ್ವವಿಲ್ಲ. ಆದ್ದರಿಂದ ಅದು ಬ್ರಹ್ಮಚರ್ಯಾಶ್ರಮ. ನಲವತ್ತೊಂದನೆಯ ವರ್ಷ ರೋಟರಿಯನ್ನೋ ಲಯನ್ಸನ್ನೋ ಸೇರುವುದು ಗೃಹಸ್ಥಾಶ್ರಮ.

ರೋಟರಿಯ ಲಾಂಛನವಾದ ಚಕ್ರದ ಇತಿಹಾಸ ಇಲ್ಲಿ ಮುಖ್ಯ. ಮೊದಲು ಬರೆದಿದ್ದ ಹಲ್ಲುಚಕ್ರವನ್ನು ನೋಡಿದ ಇಂಜಿನಿಯರುಗಳು, ಇದರ ನಡುವೆ ಕೀಲಿ ಕೂರುವ ಕಚ್ಚು ಇಲ್ಲ, ಹೀಗಿದ್ದರೆ ಚಕ್ರ ಅಚ್ಚಿನ ಮೇಲೆ ಸುಮ್ಮನೆ ತಿರುಗುತ್ತದೆಯೇ ಹೊರತು ಶಕ್ತಿ ಮುಂದಕ್ಕೆ ಹೋಗುವುದಿಲ್ಲ ಎಂದು ಆಕ್ಷೇಪಿಸಿದರು. 1920ರ ದಶಕದಲ್ಲಿ 24 ಹಲ್ಲು, 6 ಅರಗಳ ಚಕ್ರಕ್ಕೆ ಕೀಲಿಯ ಕಚ್ಚೂ ಬಂತು. ಲಾಂಛನದಲ್ಲಿ ಸರಿಹೋದ ಈ ದೋಷ ನಮ್ಮ ತಾಲ್ಲೂಕಿನಲ್ಲಿ ಸರಿಹೋಯಿತೇ ಎಂಬುದೇ ಈ ಪ್ರಬಂಧದ ಸಂಶೋಧನಾ ಪ್ರಶ್ನೆ.

3. ಪಟ್ಟಾಭಿಷೇಕ ಮತ್ತು ಬಿರುದಾವಳಿ

ರೋಟರಿ, ಲಯನ್ಸ್ ಎರಡರಲ್ಲೂ ಆಳ್ವಿಕೆ ಜುಲೈ 1ಕ್ಕೆ ಮೊದಲಾಗಿ ಮರುವರ್ಷದ ಜೂನ್ 30ಕ್ಕೆ ಮುಗಿಯುತ್ತದೆ. ಪಟ್ಟಾಭಿಷೇಕಕ್ಕೆ ಪದಗ್ರಹಣವೆಂದು ಹೆಸರು. ಹಳೆಯ ಅಧ್ಯಕ್ಷರು ತಮ್ಮ ಕೊರಳಿನ ಪದಕದ ಪಟ್ಟಿ ತೆಗೆದು ಹೊಸಬರ ಕೊರಳಿಗೆ ಹಾಕುತ್ತಾರೆ. ಫೋಟೋದವನು "ಸಾರ್, ಇನ್ನೊಂದ್ಸಲ" ಎನ್ನುತ್ತಾನೆ. ಪಟ್ಟಿ ಮತ್ತೆ ಹಳಬರ ಕೊರಳಿಗೆ ಹೋಗಿ ಹೊಸಬರ ಕೊರಳಿಗೆ ಬರುತ್ತದೆ. ಹೀಗೆ ಅಧಿಕಾರ ಎರಡು ಬಾರಿ ಹಸ್ತಾಂತರವಾದರೂ ಶಾಸನಗಳಲ್ಲಿ ಒಂದೇ ಬಾರಿ ಎಂದು ದಾಖಲಾಗುತ್ತದೆ.

ಹೊಯ್ಸಳರ ಶಾಸನಗಳಲ್ಲಿ ಅರಸನ ಹೆಸರು ಬರುವ ಮೊದಲು ಬಿರುದುಗಳೇ ಸಾಲುಗಟ್ಟುತ್ತವೆ. ಇಲ್ಲಿ ಹೆಸರಿನ ಹಿಂದೆ ರೊ., ಲಯನ್, ಜೇಸಿ, ಮುಂದೆ ಪಿ.ಎಚ್.ಎಫ್., ಎಂ.ಜೆ.ಎಫ್. ಮುಂತಾದ ಅಕ್ಷರಗಳು. ಪಾಲ್ ಹ್ಯಾರಿಸ್ ಫೆಲೋ ಎಂಬ ಮೊದಲನೆಯದು ರೋಟರಿ ಫೌಂಡೇಶನ್ನಿಗೆ ಸಾವಿರ ಡಾಲರ್ ಸಲ್ಲಿಸಿದವರಿಗೆ ಬರುತ್ತದೆ. ಹೊಯ್ಸಳರು ತಮ್ಮ ಬಿರುದಿಗೆ ಎಷ್ಟು ಕೊಟ್ಟರೆಂದು ಯಾವ ಶಾಸನವೂ ಇಷ್ಟು ಪ್ರಾಮಾಣಿಕವಾಗಿ ಹೇಳುವುದಿಲ್ಲ.

ಪದಗ್ರಹಣದ ಫ್ಲೆಕ್ಸನ್ನು ಈ ಸಂಶೋಧಕ ವೀರಗಲ್ಲಿನ ವರ್ಗಕ್ಕೆ ಸೇರಿಸುತ್ತಾನೆ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವ ಚಿತ್ರ, ಮೇಲೆ ಕೈಲಾಸ. ಫ್ಲೆಕ್ಸಿನ ತಳದಲ್ಲಿ ಚಂದಾ ಎತ್ತಲು ಓಡಾಡಿದ ಸದಸ್ಯರು, ಪಾಸ್‌ಪೋರ್ಟ್ ಅಳತೆಯಲ್ಲಿ. ನಡುವೆ ಕೈಮುಗಿದು ನಗುತ್ತಿರುವ ಅಧ್ಯಕ್ಷರು. ಮೇಲ್ಗಡೆ ಮೋಡಗಳ ಮಧ್ಯೆ ಶಾಸಕರು.

4. ಒಡ್ಡೋಲಗ

ಸಭೆ ಆರೂವರೆಗೆಂದು ಕಾರ್ಡಿನಲ್ಲಿ ಇರುತ್ತದೆ. ಏಳೂಕಾಲಿಗೆ ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಅಲ್ಲಿಂದ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು. ದೀಪ ಆರದಿರಲೆಂದು ಫ್ಯಾನು ನಿಲ್ಲಿಸಿ, ಐದು ಬತ್ತಿಗೆ ಏಳು ಗಣ್ಯರನ್ನು ಹೊಂದಿಸುವ ಲೆಕ್ಕವನ್ನು ಕಾರ್ಯದರ್ಶಿ ಪ್ರತಿ ಸಲವೂ ಬಿಡಿಸುತ್ತಾರೆ. ಆಮೇಲೆ ಕಾರ್ಯದರ್ಶಿ ವರದಿ, ಹುಟ್ಟುಹಬ್ಬ ಮತ್ತು ಮದುವೆ ವಾರ್ಷಿಕೋತ್ಸವದ ಶುಭಾಶಯ, ಅತಿಥಿಗಳ ಪರಿಚಯ, ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ. ಅತಿಥಿಗಳ ಪರಿಚಯಕ್ಕೆ ಹದಿನೈದು ನಿಮಿಷ. ಅವರು ಮೈಕಿನ ಮುಂದೆ ನಿಂತಾಗ "ಸಮಯದ ಅಭಾವದಿಂದ ಎರಡೇ ಮಾತು" ಎಂಬ ಚೀಟಿ. ನಮ್ಮ ಕ್ಷೇತ್ರಕಾರ್ಯದ ಸಂಜೆ ವೈದ್ಯರೊಬ್ಬರು ಸಕ್ಕರೆ ಕಾಯಿಲೆಯ ಬಗ್ಗೆ ಆ ಎರಡು ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಜಾಮೂನಿನ ಕಪ್ಪುಗಳು ಎಣಿಕೆಯಾಗುತ್ತಿದ್ದವು. ವಂದನಾರ್ಪಣೆ ಮಾಡಿದವರು ಶಾಮಿಯಾನದವರನ್ನೂ ಮೈಕ್‌ಸೆಟ್‌ನವರನ್ನೂ ನೆನೆದು ಡಾಕ್ಟರರನ್ನು ಮರೆತರು. ಪುಣ್ಯಕ್ಕೆ ಡಾಕ್ಟರರು ಆಗಲೇ ಜಾಮೂನಿನ ಸಾಲಿನಲ್ಲಿದ್ದರು.

ದಂಡನೀತಿಯೂ ಉಂಟು. ಲಯನ್ಸ್ ಕ್ಲಬ್ಬಿನಲ್ಲಿ ಟೇಲ್ ಟ್ವಿಸ್ಟರ್ ಎಂಬ ಅಧಿಕಾರಿ ಬ್ಯಾಡ್ಜು ಮರೆತವರಿಗೂ ಹೊಸ ಕಾರು ಕೊಂಡವರಿಗೂ ತಮಾಷೆಯ ದಂಡ ಹಾಕಬಹುದು. ಆತನಿಗೇ ದಂಡ ಹಾಕಬೇಕಾದರೆ ಸಭೆಯಲ್ಲಿದ್ದ ಅಷ್ಟೂ ಜನ ಒಮ್ಮತದಿಂದ ಒಪ್ಪಬೇಕು. ಇಂಥ ರಕ್ಷಣೆ ಕೌಟಿಲ್ಯನ ಅಮಾತ್ಯರಿಗೂ ಇರಲಿಲ್ಲ.

5. ದಾನಗಳ ಸ್ತರವಿನ್ಯಾಸ

ವನಮಹೋತ್ಸವವನ್ನು ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಷಿ ಅವರು 1950ರ ಜುಲೈನಲ್ಲಿ ಆರಂಭಿಸಿದರು. ಹೊಸ ಅಧ್ಯಕ್ಷರ ಮೊದಲ ತಿಂಗಳೂ ಅದೇ. ಮಳೆಯೂ ಅದೇ. ಈ ತ್ರಿವೇಣಿ ಸಂಗಮದಿಂದಾಗಿ ಪ್ರತಿ ಆಳ್ವಿಕೆಯೂ ಒಂದು ಸಸಿಯಿಂದ ಶುರುವಾಗುತ್ತದೆ. ಪ್ರೌಢಶಾಲೆಯ ಹಿಂಬದಿಯ ಒಂದು ಗುಂಡಿಯನ್ನು ಪರಿಶೀಲಿಸಲಾಗಿ, ಅದರಲ್ಲಿ ಕಪ್ಪು ಪಾಲಿಥಿನ್ ಚೀಲಗಳು ಪದರಪದರವಾಗಿ ದೊರೆತವು. ಒಂದೊಂದು ಚೀಲ ಒಬ್ಬೊಬ್ಬ ಅಧ್ಯಕ್ಷರ ಕಾಲದ್ದು. ಗುಂಡಿ ತೋಡುವ ಶ್ರಮ ಮೊದಲಿಗರದ್ದು ಮಾತ್ರ. ಉಳಿದವರು ಪರಂಪರೆಯನ್ನು ಮುಂದುವರಿಸಿದರು.

ಬಸ್ ತಂಗುದಾಣದ ಸಿಮೆಂಟ್ ಬೆಂಚಿನ ಪಾಠಭೇದ ಇನ್ನೂ ಕುತೂಹಲಕರ. ಹಳದಿ ಬಣ್ಣದ ಮೇಲೆ ಕಪ್ಪಕ್ಷರದಲ್ಲಿ ದಾನಿಯ ಹೆಸರು, ತಂದೆತಾಯಿಯ ಸ್ಮರಣೆ, ಕ್ಲಬ್ಬಿನ ಹೆಸರು, ವರ್ಷ. ಜನ ಒರಗಿ ಕೂರುವುದರಿಂದ ನಡುವಿನ ಅಕ್ಷರಗಳು ಸವೆದು, ಬಲತುದಿಯಲ್ಲಿ 'ಇವರ ಸವಿನೆನಪಿಗಾಗಿ' ಎಂಬುದಷ್ಟೇ ಉಳಿದಿದೆ. ಯಾರ ಸವಿನೆನಪು ಎಂಬುದು ವಿದ್ವಾಂಸರ ಊಹೆಗೆ ಬಿಟ್ಟದ್ದು. ಅಕ್ಷರ ಸವೆದಷ್ಟೂ ಬೆಂಚು ಜನಕ್ಕೆ ಉಪಯೋಗವಾಗಿದೆ ಎಂಬುದಕ್ಕೆ ಇದಕ್ಕಿಂತ ನಂಬಲರ್ಹ ಮಾಪಕ ಇನ್ನೊಂದಿಲ್ಲ. ಎದುರಿನ ಶುದ್ಧ ಕುಡಿಯುವ ನೀರಿನ ಘಟಕದ ಫಲಕ ಒಂದಕ್ಷರವೂ ಮಾಸದೆ ಫಳಫಳ ಹೊಳೆಯುತ್ತಿದೆ. ಫಿಲ್ಟರು ಕಟ್ಟಿಕೊಂಡಂದಿನಿಂದ ಅದರ ಹತ್ತಿರ ಯಾರೂ ಸುಳಿದಿಲ್ಲ.

6. ಶಾಸನದಲ್ಲಿ ಕಾಣದ ಸಾಲು

ಹಳೆಯ ದಾನಶಾಸನಗಳು ಶಾಪದಲ್ಲಿ ಮುಗಿಯುತ್ತವೆ. ದತ್ತಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂದು ಕಲ್ಲಿನ ಮೇಲೆ ಸ್ಪಷ್ಟವಾಗಿ ಎಚ್ಚರಿಸುತ್ತವೆ. ನಮ್ಮ ತಂಗುದಾಣದ ಫಲಕದಲ್ಲಿ ಇಂಥ ಸಾಲು ಇಲ್ಲದ್ದರಿಂದ ಅರ್ಧ ಜಾಗದಲ್ಲಿ ಬೋಂಡದ ಬಾಣಲೆ ನೆಲೆಗೊಂಡಿದೆ.

ಶಾಪದ ಪಕ್ಕದಲ್ಲೇ ಆ ಶಾಸನಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ಕೊಡುವುದಕ್ಕಿಂತ, ಕೊಟ್ಟದ್ದನ್ನು ಕಾಯುವುದು ಮೇಲು, ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಅದಕ್ಕೂ ಮೇಲಿನ ಪದವಿ. ಅರಸ ಇದನ್ನು ಬರೆಸಿದ್ದು ತನಗಲ್ಲ, ತನ್ನ ನಂತರ ಬರುವ ಅರಸನಿಗೆ. ಸೇವಾ ಕ್ಲಬ್ಬಿನ ಫಲಕಗಳಲ್ಲಿ ಈ ಸಾಲು ಎಲ್ಲಿಯೂ ಸಿಗಲಿಲ್ಲ. ಕಾರಣ ಸರಳ. ಹನ್ನೆರಡು ತಿಂಗಳ ದೊರೆಗೆ ಹಿಂದಿನವರ ನಲ್ಲಿಗೆ ವಾಷರ್ ಹಾಕಿಸಿದರೆ ವರದಿಯಲ್ಲಿ ಬರೆಯಲು ಏನೂ ಇರುವುದಿಲ್ಲ. ವಾಷರನ್ನು ಉದ್ಘಾಟಿಸಲು ಶಾಸಕರನ್ನು ಕರೆಯುವಂತೆಯೂ ಇಲ್ಲ. ಹೊಸ ನಲ್ಲಿ ಹಾಕಿಸಿದರೆ ರಿಬ್ಬನ್ ಉಂಟು, ಕತ್ತರಿ ಉಂಟು, ಮರುದಿನದ ಪೇಪರಿನಲ್ಲಿ ಫೋಟೋ ಉಂಟು. ಚಕ್ರ ತಿರುಗುತ್ತದೆ, ಕೀಲಿ ಕೂತಿಲ್ಲ.

7. ಸಿದ್ಧಾಂತಕ್ಕೆ ಬಗ್ಗದ ಎರಡು ಪ್ರಕರಣ

ಮೊದಲನೆಯದು ರಕ್ತದಾನ ಶಿಬಿರ. ಗಂಡಸರು ಮೂರು ತಿಂಗಳಿಗೆ, ಹೆಂಗಸರು ನಾಲ್ಕು ತಿಂಗಳಿಗೆ ಒಮ್ಮೆ ರಕ್ತ ಕೊಡಬಹುದು. ಚೀಲದ ಮೇಲೆ ಗುಂಪು, ಸಂಖ್ಯೆ, ದಿನಾಂಕ ಇರುತ್ತವೆಯೇ ಹೊರತು ದಾನಿಯ ಸವಿನೆನಪಿಗೆ ಜಾಗವಿಲ್ಲ. ಆದರೂ ಕ್ಲಬ್ಬಿನ ಅಡಿಕೆ ಮಂಡಿಯವರೊಬ್ಬರು ಪ್ರತಿ ಶಿಬಿರದಲ್ಲೂ ತೋಳು ಮಡಿಸಿ ಮಲಗುತ್ತಾರೆ. ಅಧ್ಯಕ್ಷರು ಯಾರೆಂದು ಕೇಳಿದರೆ ಅವರಿಗೆ ಥಟ್ಟನೆ ನೆನಪಾಗುವುದಿಲ್ಲ.

ಎರಡನೆಯದು ಪೋಲಿಯೊ. ರೋಟರಿ 1985ರಲ್ಲಿ ಪೋಲಿಯೊ ವಿರುದ್ಧ ಜಗದಗಲದ ಅಭಿಯಾನಕ್ಕೆ ಇಳಿಯಿತು. 1995ರಲ್ಲಿ ನಮ್ಮಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ದೇಶದ ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆ ನಮ್ಮ ವಲಯವನ್ನು ಪೋಲಿಯೊಮುಕ್ತವೆಂದು ಸಾರಿತು. ಮನೆಮನೆ ಹತ್ತಿದವರು ಅಂಗನವಾಡಿ, ಆರೋಗ್ಯ ಇಲಾಖೆಯ ಹೆಣ್ಣುಮಕ್ಕಳು. ಕ್ಲಬ್ಬಿನವರು ವಾಹನ ಕೊಟ್ಟರು, ಬ್ಯಾನರ್ ಕಟ್ಟಿದರು, ಬೂತಿಗೆ ಉಪ್ಪಿಟ್ಟು ಹೊತ್ತರು. 1985ರಿಂದ 2011ರವರೆಗೆ ಲೆಕ್ಕ ಹಾಕಿದರೆ, ಒಂದೇ ಕ್ಲಬ್ಬಿನಲ್ಲಿ ಇಪ್ಪತ್ತಾರು ಅಧ್ಯಕ್ಷರು ಒಬ್ಬರ ಹಿಂದೊಬ್ಬರು ಹಿಂದಿನವರ ಕೆಲಸವನ್ನೇ ಮುಂದುವರಿಸಿದ್ದಾರೆ. ಇದು ಮೇಲಿನ ಸಿದ್ಧಾಂತಕ್ಕೆ ಪೂರ್ತಿ ವಿರುದ್ಧ. ಫಲಕ ಹುಡುಕಿದರೆ ಸಿಗುವುದಿಲ್ಲ; ಬಾರದೆ ಹೋದ ರೋಗಕ್ಕೆ ಫಲಕ ನೆಡಲು ಗೋಡೆ ಯಾವುದು? ಆ ಕೆಲಸದ ಶಾಸನವೆಂದರೆ ಮನೆಗಳ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಒಂದು ಅಕ್ಷರ: ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ 'ಪಿ', ಯಾರಾದರೂ ಉಳಿದಿದ್ದರೆ 'ಎಕ್ಸ್'. ಎಕ್ಸ್ ಇದ್ದ ಮನೆಗೆ ಮತ್ತೆ ಹೋಗಲೇಬೇಕು.

8. ಶಿಫಾರಸುಗಳು

ಅ) ಇನ್ನು ಮುಂದೆ ಗ್ರಾನೈಟ್ ಫಲಕಗಳನ್ನು ನಿಷೇಧಿಸಿ, ಬೆಂಚು, ನಲ್ಲಿ, ತಂಗುದಾಣಗಳಿಗೆ ಒಂದೊಂದು ಕಪ್ಪುಹಲಗೆ ಅಳವಡಿಸತಕ್ಕದ್ದು.

ಆ) ಕೆಟ್ಟುನಿಂತ ದಾನಕ್ಕೆ ಯಾವ ನಾಗರಿಕನಾದರೂ 'ಎಕ್ಸ್' ಗುರುತು ಹಾಕಬಹುದು.

ಇ) ಅದನ್ನು ರಿಪೇರಿ ಮಾಡಿಸಿದ ಅಧ್ಯಕ್ಷರು ಹಿಂದಿನವರ ಹೆಸರನ್ನು ಒರೆಸಿ, ಅಲ್ಲಿ ತಮ್ಮ ಹೆಸರನ್ನು ಸಕಲ ಬಿರುದುಗಳ ಸಮೇತ ಬರೆದುಕೊಳ್ಳಬಹುದು. ಒರೆಸುವ ಕಾರ್ಯಕ್ರಮಕ್ಕೆ ಶಾಸಕರನ್ನು ಕರೆಯಲು ಅಡ್ಡಿಯಿಲ್ಲ. ವಾಷರು ಮಾತ್ರ ಅವರು ಬರುವುದಕ್ಕೆ ಮೊದಲೇ ಕೂತಿರತಕ್ಕದ್ದು.

ಈ) ಸೀಮೆಸುಣ್ಣದ ಡಬ್ಬಿಯ ಪ್ರಾಯೋಜಕರ ಹೆಸರನ್ನು ಎಲ್ಲಿ ಹಾಕಬೇಕು ಎಂಬ ಜಟಿಲ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.